ಮನೆಯ ಹೊಗೆಮಾಂಸಕ್ಕೆ ಬೇಕಾದ ದಾಸ್ತಾನು

ಹೊಗೆಮಾಂಸ ಎಂದರೆ ಉಪ್ಪು ಹಚ್ಚಿದ ಮಾಂಸವನ್ನು ಕಟ್ಟಿಗೆಯ ಹೊಗೆಯಲ್ಲಿರಿಸಿ, ಅದರ ನೀರಿನ ಅಂಶವನ್ನು ತಗ್ಗಿಸಿ, ಹೊಗೆಯ ಪರಿಮಳ ಮತ್ತು ಬಣ್ಣ ಹಿಡಿಯುವಂತೆ ಮಾಡಿದ ಆಹಾರ. ಮನೆಯಲ್ಲಿ ಇದನ್ನು ತಯಾರಿಸಲು ಉಗ್ರಾಣದಲ್ಲಿ ಇರಬೇಕಾದ ವಸ್ತುಗಳು ಹೆಚ್ಚೇನಲ್ಲ: ಉಪ್ಪು, ತಕ್ಕಡಿ, ಅರಿಶಿನ ಮತ್ತು ಕೆಲವು ಮಸಾಲೆಗಳು, ಒಂದು ಹುಳಿಪದಾರ್ಥ, ಚೆನ್ನಾಗಿ ಒಣಗಿದ ಕಟ್ಟಿಗೆ, ಇದ್ದಿಲು, ತೆಳುಬಟ್ಟೆ, ಮುಚ್ಚಳ ಬಿಗಿಯಾಗಿರುವ ಡಬ್ಬಿ ಮತ್ತು ಮಾಂಸದ ಒಳಗಿನ ಶಾಖವನ್ನು ಅಳೆಯುವ ತಾಪಮಾಪಕ. ಇವುಗಳಲ್ಲಿ ಯಾವುದು ಎಷ್ಟು ಬೇಕು ಎಂಬುದು ಊರಿನ ಹವೆಯನ್ನು ಅವಲಂಬಿಸಿದೆ. ಬಿಸಿಲು ಸಮೃದ್ಧವಾಗಿರುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಮಾಂಸವನ್ನು ಕೆಡದಂತೆ ಕಾಯುವುದು ಬಿಸಿಲು ಮತ್ತು ಉಪ್ಪು. ಹೊಗೆ ಅಲ್ಲಿ ರುಚಿಗಾಗಿ ಮಾತ್ರ. ಮಳೆ ಬಿಡದ ಕೊಡಗಿನಲ್ಲಿ ಒಣಗಿಸುವ ಕೆಲಸವನ್ನೂ ಒಲೆಯ ಹೊಗೆಯೇ ಮಾಡಬೇಕಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ, ಹೊಗೆಯ ವಾಸನೆ ಬಂದ ಮಾಂಸ ಕೆಡುವುದಿಲ್ಲವೆಂದು ನಂಬುವುದು ಅಪಾಯಕಾರಿ.

ಹೆಸರುಗಳು

ಮಾಂಸಕ್ಕೆ ಉತ್ತರ ಕರ್ನಾಟಕದಲ್ಲಿ ಖಂಡ ಎಂದೂ ಹಳೆಯ ಮೈಸೂರು ಸೀಮೆಯಲ್ಲಿ ಬಾಡು ಎಂದೂ ಹೇಳುವುದು ರೂಢಿ. ಒಣಗಿಸಿದ ಮಾಂಸಕ್ಕೆ ಒಣ ಖಂಡ, ಉಪ್ಪುಖಂಡ, ಕೊರಬಾಡು ಎಂಬ ಮಾತುಗಳಿವೆ. ಕೊಡವ ಭಾಷೆಯಲ್ಲಿ ಮಾಂಸಕ್ಕೆ ಎರಚಿ ಎನ್ನುತ್ತಾರೆ. ಒಲೆಯ ಮೇಲೆ ಒಣಗಿಸಿದ್ದು ಒಣಕ ಎರಚಿ. ದಖ್ಖನಿ ಉರ್ದುವಿನಲ್ಲಿ ಇದು ಸುಕಾ ಗೋಶ್ತ್. ಆಳಂದದ ಗಡಿಯಾಚೆಗಿನ ಮರಾಠವಾಡದಲ್ಲಿ ಒಣಗಿಸಿದ ಮಾಂಸದ ಪಟ್ಟಿಗಳನ್ನು ಚಾನ್ಯಾ ಎಂದು ಕರೆಯುತ್ತಾರೆ. ಈ ಹೆಸರುಗಳು ಹೆಚ್ಚಾಗಿ ಒಣಗಿಸುವುದನ್ನೋ ಉಪ್ಪನ್ನೋ ಹೇಳುತ್ತವೆಯೇ ಹೊರತು ಹೊಗೆಯನ್ನಲ್ಲ. ಹೊಗೆ ಕೊಡುತ್ತಿದ್ದ ಕಡೆಗಳಲ್ಲಿಯೂ ಜನರು ಮುಖ್ಯವೆಂದು ಎಣಿಸಿದ್ದು ಮಾಂಸ ಒಣಗುವುದನ್ನೇ ಎಂಬುದಕ್ಕೆ ಈ ಮಾತುಗಳೇ ಸಾಕ್ಷಿ.

ಹಿನ್ನೆಲೆ

ಆಳಂದ ತಾಲ್ಲೂಕು ಕಲಬುರಗಿ ಜಿಲ್ಲೆಯ ವಾಯವ್ಯದಲ್ಲಿ ಮಹಾರಾಷ್ಟ್ರಕ್ಕೆ ತಾಗಿಕೊಂಡಿದೆ. ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಭೀಮಾ ನದಿಯ ದಂಡೆಯವು. ಮೂರೂ ಕಡೆ ಎರೆಮಣ್ಣಿನ ಹೊಲಗಳು, ಜೋಳ ಮತ್ತು ತೊಗರಿಯ ಬೆಳೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆಗ ಗಾಳಿಯಲ್ಲಿ ತೇವ ತೀರ ಕಡಿಮೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲವೂ ಒಣ ಹವೆಯದೇ. ಮಾಂಸ ಒಣಗಿಸಲು ತೊಡಕಾಗುವುದು ಜೂನಿನಿಂದ ಅಕ್ಟೋಬರ್ ಆರಂಭದವರೆಗಿನ ಮಳೆಗಾಲದಲ್ಲಿ.

ಈ ಸೀಮೆಯಲ್ಲಿ ಮಾಂಸದ ಅಡುಗೆಗೆ ಹಳೆಯ ಲಿಖಿತ ಆಧಾರವಿದೆ. ಆಳಂದದ ಈಶಾನ್ಯಕ್ಕಿರುವ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಹಂದಿಯನ್ನು ಬೆಂಕಿಯಲ್ಲಿ ಸುಡುವ ಕ್ರಮವೂ ಬಗೆಬಗೆಯ ಮಾಂಸದ ಅಡುಗೆಗಳೂ ಬಂದಿವೆ. ಅದು ಅರಮನೆಯ ಅಡುಗೆ. ಆ ದಿನ ಬೇಕಾದದ್ದು ಆ ದಿನ ಸಿಗುತ್ತಿದ್ದವರ ಅಡುಗೆ. ಮಾಂಸವನ್ನು ಒಣಗಿಸಿಡುವ ವಿದ್ಯೆಯನ್ನು ಉಳಿಸಿಕೊಂಡವರು ಬೇರೆಯವರು.

ಆ ಬೇರೆಯವರ ಅಡುಗೆಮನೆಯನ್ನು ಬರಹಕ್ಕೆ ತಂದವರಲ್ಲಿ ಪ್ರಮುಖರು ಮರಾಠಿ ಲೇಖಕ ಶಾಹೂ ಪಾಟೋಳೆ. ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಆಹಾರವನ್ನು ಕುರಿತ ಅವರ 'ಅನ್ನ ಹೇ ಅಪೂರ್ಣಬ್ರಹ್ಮ' ಕೃತಿ 2015ರಲ್ಲಿ ಪ್ರಕಟವಾಯಿತು. 2024ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದಿತು. ಒಮ್ಮೆಗೇ ಹೆಚ್ಚು ಮಾಂಸ ದೊರೆತಾಗ ಅದನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಣಗಿಸಿ, ಕೈಬರಿದಾದ ದಿನಗಳಿಗೆ ಇಟ್ಟುಕೊಳ್ಳುವ ಚಾನ್ಯಾ ಪದ್ಧತಿ ಆ ಪುಸ್ತಕದ ಮೂಲಕ ಹೊರಗಿನ ಓದುಗರಿಗೆ ಪರಿಚಯವಾಯಿತು. ಇದರ ಹಿಂದೆ ನೋವಿನ ಚರಿತ್ರೆಯೂ ಇದೆ. ಸತ್ತ ದನವನ್ನು ಎಳೆದುಹಾಕುವ ಕೆಲಸವನ್ನು ಊರು ಈ ಸಮುದಾಯಗಳ ತಲೆಗೆ ಕಟ್ಟಿತ್ತು. ಅದರ ಮಾಂಸವೇ ಕೂಲಿಯಾಗಿತ್ತು. 1927ರ ಮಹಾಡ್ ಸಮಾವೇಶದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಸತ್ತ ದನದ ಮಾಂಸವನ್ನು ತ್ಯಜಿಸುವಂತೆ ಕರೆಕೊಟ್ಟರು. ಆದುದರಿಂದ ಒಣಮಾಂಸದ ಮಾತು ಬಂದಾಗ ಕೆಲವು ಮನೆಗಳಲ್ಲಿ ಅದು ನೆನಪಿನ ರುಚಿ, ಕೆಲವು ಮನೆಗಳಲ್ಲಿ ಬೇಕೆಂದೇ ಬಿಟ್ಟುಬಂದ ಸಂಗತಿ. ಎರಡನ್ನೂ ಗೌರವದಿಂದ ನೋಡುವುದು ಉಚಿತ.

ಮುಸ್ಲಿಂ ಮನೆಗಳಲ್ಲಿ ಒಣಗಿಸುವ ಸಂದರ್ಭ ಬಕ್ರೀದ್. ಕುರ್ಬಾನಿಯ ಮಾಂಸವನ್ನು ಹಂಚಿದ ಮೇಲೆ ಉಳಿದದ್ದಕ್ಕೆ ಉಪ್ಪು, ಅರಿಶಿನ ಹಚ್ಚಿ ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕುವುದು ದಖ್ಖನಿನ ಹಲವು ಊರುಗಳಲ್ಲಿ ರೂಢಿ. ಚಾಂದ್ರಮಾನ ಪಂಚಾಂಗದ ಕಾರಣ ಈ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2017ರಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ಬಂದ ಹಬ್ಬ 2023ರಲ್ಲಿ ಜೂನ್ ಕೊನೆಗೆ ಬಂದಿತು. ನಡುವಿನ ವರ್ಷಗಳಲ್ಲೆಲ್ಲ ಅದು ಮಳೆಗಾಲದ ಹಬ್ಬವೇ ಆಗಿತ್ತು. 2025ರಲ್ಲಿ ಜೂನ್ 7ಕ್ಕೆ ಬಂದುದರಿಂದ, ಇನ್ನು ಕೆಲವು ವರ್ಷ ಅದು ಬೇಸಿಗೆಯ ಒಣ ದಿನಗಳಿಗೆ ಬೀಳಲಿದೆ. ಒಂದೇ ಮನೆ, ಒಂದೇ ಹಬ್ಬ, ಒಂದೇ ಮಾಂಸವಾದರೂ ಒಂದು ದಶಕದಲ್ಲಿ ಮಳೆಗಾಗಿ ಕಟ್ಟಿಗೆ ಒಟ್ಟಬೇಕು, ಇನ್ನೊಂದು ದಶಕದಲ್ಲಿ ನೊಣಕ್ಕಾಗಿ ಬಟ್ಟೆ ಒದಗಿಸಿಕೊಳ್ಳಬೇಕು.

ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲ್ಭಾಗದಲ್ಲಿ ಅಟ್ಟ ಅಥವಾ ಗಳ ಇರುತ್ತದೆ. ಉಪ್ಪು, ಅರಿಶಿನ ಹಚ್ಚಿದ ಮಾಂಸದ ತುಂಡುಗಳನ್ನು ಪೋಣಿಸಿ ಅಲ್ಲಿ ತೂಗುಹಾಕಿದರೆ ದಿನವೂ ಉರಿಯುವ ಒಲೆಯ ಶಾಖ ಮತ್ತು ಹೊಗೆ ವಾರಗಟ್ಟಲೆ ತಗಲುತ್ತವೆ. ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಹಗುರಾಗುತ್ತದೆ. ಮಲೆನಾಡಿನ ಮನೆಗಳಲ್ಲಿಯೂ ಒಲೆಯ ಮೇಲಿನ ಅಟ್ಟಕ್ಕೆ ಇಂಥದೇ ಉಪಯೋಗವಿತ್ತು. ಅನಿಲದ ಒಲೆ ಬಂದ ಮೇಲೆ ಈ ಅಟ್ಟಗಳಿಗೆ ಹೊಗೆಯೇ ಇಲ್ಲವಾಯಿತು. ಹೀಗಾಗಿ ಮೊದಲು ಅಡುಗೆಯ ಜೊತೆಯಲ್ಲಿ ತಾನಾಗಿ ಆಗುತ್ತಿದ್ದುದಕ್ಕೆ ಈಗ ಪ್ರತ್ಯೇಕ ಸಿದ್ಧತೆ ಬೇಕು.

ಹೊಗೆ ಮಾಡುವ ಕೆಲಸ

ಹಸಿ ಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಈ ನೀರಿನಲ್ಲಿಯೇ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಉಪ್ಪು ಆ ನೀರನ್ನು ಹಿಡಿದಿಟ್ಟು ಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ಬಿಸಿಲು ಮತ್ತು ಶಾಖ ಅದನ್ನು ಹೊರಹಾಕುತ್ತವೆ. ಕಟ್ಟಿಗೆ ಕಡಿಮೆ ಗಾಳಿಯಲ್ಲಿ ಮೆಲ್ಲನೆ ಉರಿದಾಗ ಅದರ ಲಿಗ್ನಿನ್ ಒಡೆದು ಫೀನಾಲ್ ಗುಂಪಿನ ವಸ್ತುಗಳೂ, ಇತರ ಅಂಶಗಳಿಂದ ಸಾವಯವ ಆಮ್ಲಗಳೂ ಫಾರ್ಮಾಲ್ಡಿಹೈಡ್‌ನಂಥ ಸಂಯುಕ್ತಗಳೂ ಹೊಗೆಗೆ ಸೇರುತ್ತವೆ. ಇವು ಸೂಕ್ಷ್ಮಜೀವಿಗಳನ್ನು ತಡೆಯುವುದು ನಿಜ, ಕೊಬ್ಬು ಕಮಟಾಗುವುದನ್ನು ನಿಧಾನಗೊಳಿಸುವುದೂ ನಿಜ. ಆದರೆ ಅವು ಮಾಂಸದ ಹೊರಪದರದಲ್ಲಿಯೇ ಹೆಚ್ಚಾಗಿ ನಿಲ್ಲುತ್ತವೆ. ದಪ್ಪ ತುಂಡಿನ ನಡುವಿಗೆ ಹೊಗೆ ತಲುಪುವುದಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಉಪ್ಪು ಅಥವಾ ಶಾಖ.

ಬಳಕೆಯಲ್ಲಿ ಎರಡು ಕ್ರಮಗಳಿವೆ. 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ದಿನಗಟ್ಟಲೆ ಕೊಡುವುದು ತಣ್ಣನೆಯ ಹೊಗೆ. ಇದರಲ್ಲಿ ಮಾಂಸ ಬೇಯುವುದಿಲ್ಲ. ಸುಮಾರು 60ರಿಂದ 120 ಡಿಗ್ರಿಯವರೆಗಿನ ಶಾಖದಲ್ಲಿ ಕೆಲವು ಗಂಟೆ ಕೊಡುವುದು ಬಿಸಿ ಹೊಗೆ. ಇದರಲ್ಲಿ ಮಾಂಸ ಬೇಯುತ್ತದೆ. ತಣ್ಣನೆಯ ಹೊಗೆ ಶೀತದೇಶಗಳ ವಿದ್ಯೆ. ನೆರಳಿನಲ್ಲಿಯೇ 30 ಡಿಗ್ರಿ ಮೀರುವ ಆಳಂದದಂಥ ಊರಿನ ಮನೆಗಳಲ್ಲಿ ಅದಕ್ಕೆ ಕೈಹಾಕದಿರುವುದು ಒಳಿತು. ಹಸಿ ಮಾಂಸ 5ರಿಂದ 60 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದಷ್ಟೂ ಅದರಲ್ಲಿ ರೋಗಾಣುಗಳು ವೃದ್ಧಿಯಾಗುತ್ತವೆ.

ಉಪ್ಪು

ದಾಸ್ತಾನಿನಲ್ಲಿ ಮೊದಲ ಸ್ಥಾನ ಉಪ್ಪಿಗೆ. ಹರಳುಪ್ಪು, ಪುಡಿ ಉಪ್ಪು ಎರಡೂ ಆಗುತ್ತವೆ. ಆದರೆ ಒಂದು ಚಮಚ ಹರಳುಪ್ಪಿನ ತೂಕ ಒಂದು ಚಮಚ ಪುಡಿ ಉಪ್ಪಿನ ತೂಕಕ್ಕಿಂತ ಕಡಿಮೆ. ಆದ್ದರಿಂದ ಹಿಡಿ, ಚಮಚಗಳ ಲೆಕ್ಕವನ್ನು ಬಿಟ್ಟು ತಕ್ಕಡಿಯ ಲೆಕ್ಕವನ್ನು ಹಿಡಿಯಬೇಕು. ಗ್ರಾಂಗಳನ್ನು ತೋರಿಸುವ ಚಿಕ್ಕ ಅಡುಗೆ ತಕ್ಕಡಿ ಈ ಕೆಲಸದಲ್ಲಿ ಹೊಗೆಯ ಪೆಟ್ಟಿಗೆಗಿಂತ ಹೆಚ್ಚು ಅಗತ್ಯದ ವಸ್ತು. ಬಿಸಿ ಹೊಗೆ ಕೊಟ್ಟು ಬೇಗನೆ ತಿನ್ನುವ ಮಾಂಸಕ್ಕೆ ಕಿಲೋಗ್ರಾಂಗೆ 25ರಿಂದ 30 ಗ್ರಾಂ ಉಪ್ಪು ಸಾಕು. ಬಿಸಿಲಿನಲ್ಲಿ ಒಣಗಿಸಿ ಇಡುವ ತೆಳುಪಟ್ಟಿಗಳಿಗೆ ಇದರ ಸುಮಾರು ಎರಡರಷ್ಟು ಹಚ್ಚಿ, ಅಡುಗೆಗೆ ಮೊದಲು ನೀರಿನಲ್ಲಿ ನೆನೆಹಾಕಿ ಹೆಚ್ಚುವರಿ ಉಪ್ಪನ್ನು ತೆಗೆಯುತ್ತಾರೆ. ಹಚ್ಚಿದ ಮೇಲೆ ಮಾಂಸವನ್ನು ತಂಪಾದ ಜಾಗದಲ್ಲಿ, ಸಾಧ್ಯವಿದ್ದರೆ ಫ್ರಿಜ್ಜಿನಲ್ಲಿ, ರಾತ್ರಿಯಿಡೀ ಇಡಬೇಕು. ಅದು ಬಿಟ್ಟ ನೀರನ್ನು ಚೆಲ್ಲಿ, ಒರೆಸಿ, ಮೇಲ್ಮೈ ಒಣಗಿದ ಮೇಲೆಯೇ ಹೊಗೆಗೆ ಒಡ್ಡಬೇಕು. ಒದ್ದೆ ಮಾಂಸದ ಮೇಲೆ ಹೊಗೆ ಕಪ್ಪು ಕಾಡಿಗೆಯಂತೆ ಕೂತು ಕಹಿಯಾಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳುವುದು ಅವಶ್ಯ. ಮಾಂಸ ಸಂಸ್ಕರಣೆಯನ್ನು ಕುರಿತ ಪಾಶ್ಚಾತ್ಯ ಬರಹಗಳಲ್ಲಿ ಬರುವ ಗುಲಾಬಿ ಬಣ್ಣದ ಕ್ಯೂರಿಂಗ್ ಉಪ್ಪು ಮತ್ತು ನಮ್ಮ ಕಿರಾಣಿ ಅಂಗಡಿಗಳಲ್ಲಿ ದೊರೆಯುವ ಗುಲಾಬಿ ಛಾಯೆಯ ಸೈಂಧವ ಲವಣ ಬೇರೆ ಬೇರೆ ವಸ್ತುಗಳು. ಮೊದಲನೆಯದರಲ್ಲಿ 6.25 ಶೇಕಡಾ ಸೋಡಿಯಂ ನೈಟ್ರೈಟ್ ಇರುತ್ತದೆ, ಉಳಿದದ್ದು ಉಪ್ಪು. ಊಟದ ಉಪ್ಪೆಂದು ತಿಳಿದು ಯಾರೂ ಬಳಸದಿರಲೆಂದೇ ಅದಕ್ಕೆ ಬಣ್ಣ ಬೆರೆಸುತ್ತಾರೆ. ಎರಡನೆಯದು ಗಣಿಯ ಉಪ್ಪು. ಅದರ ಬಣ್ಣ ಖನಿಜಗಳಿಂದ ಬಂದದ್ದು, ಅದರಲ್ಲಿ ನೈಟ್ರೈಟಿನ ಗುಣವಿಲ್ಲ. ಕ್ಯೂರಿಂಗ್ ಉಪ್ಪಿನ ಬದಲು ಸೈಂಧವ ಹಾಕಿದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯಿಂದ ರಕ್ಷಣೆ ಸಿಗದು. ಸೈಂಧವದ ಬದಲು ಕ್ಯೂರಿಂಗ್ ಉಪ್ಪನ್ನು ಊಟಕ್ಕೆ ಬಳಸಿದರೆ ನೈಟ್ರೈಟ್ ರಕ್ತ ಆಮ್ಲಜನಕವನ್ನು ಒಯ್ಯದಂತೆ ಮಾಡಿ ಪ್ರಾಣಕ್ಕೆ ಎರವಾಗಬಹುದು. ಬಳಸಲೇಬೇಕಾದಾಗ ಅದರ ಪ್ರಮಾಣ ಕಿಲೋಗ್ರಾಂ ಮಾಂಸಕ್ಕೆ 2.5 ಗ್ರಾಂ, ಅಷ್ಟೇ. ಮನೆಯಲ್ಲಿ ಅದನ್ನು ಇಟ್ಟುಕೊಂಡರೆ ಬೇರೆ ಡಬ್ಬಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ, ಮಸಾಲೆಗಳಿಂದ ದೂರ ಇಡಬೇಕು. ಬೇಯಿಸಿ ಎರಡು ಮೂರು ದಿನದಲ್ಲಿ ತಿಂದು ಮುಗಿಸುವ ಮಾಂಸಕ್ಕೆ ಅದರ ಅಗತ್ಯವೇ ಇಲ್ಲ.

ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಇದೇ ಕುಟುಂಬದ ಹಳೆಯ ವಸ್ತು. ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕಾಲದ ಉಪ್ಪು ಮಾಂಸಕ್ಕೆ ಉಪ್ಪು, ನಿಂಬೆರಸಗಳೊಂದಿಗೆ ಇದನ್ನು ಹಾಕುತ್ತಿದ್ದರು. ಮಾಂಸದೊಳಗೆ ಅದು ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ನೈಟ್ರೈಟಾಗಿ ಮಾರ್ಪಡುತ್ತದೆ ಎಂಬುದು ಮನೆಯಲ್ಲಿ ಹಿಡಿತಕ್ಕೆ ಬರುವ ಸಂಗತಿಯಲ್ಲ. ಪಟಾಕಿಗೆ, ಗೊಬ್ಬರಕ್ಕೆ ಮಾರುವ ಪೆಟ್ಲುಪ್ಪಂತೂ ಆಹಾರಕ್ಕೆ ಯೋಗ್ಯವಲ್ಲ.

ಮಸಾಲೆ ಮತ್ತು ಹುಳಿ

ಅರಿಶಿನ ಎಲ್ಲ ಕಡೆಯೂ ಸಾಮಾನ್ಯ. ಉಪ್ಪು, ಅರಿಶಿನಗಳಷ್ಟರಿಂದಲೇ ಕೆಲಸ ಮುಗಿಸುವ ಮನೆಗಳು ಬಹಳ. ಅದಕ್ಕೆ ಮೆಣಸಿನ ಪುಡಿ, ಅರೆದ ಬೆಳ್ಳುಳ್ಳಿ, ಶುಂಠಿ ಸೇರಿಸುವುದುಂಟು. ಬಿಸಿಲಿನಲ್ಲಿ ಒಣಗಿಸಿ ದೀರ್ಘಕಾಲ ಇಡುವ ಮಾಂಸಕ್ಕೆ ಹಸಿ ಮಸಾಲೆಗಿಂತ ಒಣ ಪುಡಿಗಳು ಮೇಲು. ಹಸಿ ಬೆಳ್ಳುಳ್ಳಿ, ಈರುಳ್ಳಿಗಳು ಮತ್ತೆ ನೀರನ್ನೇ ಸೇರಿಸುತ್ತವೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ. ಕಾಳುಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಲವಂಗಗಳನ್ನು ಇಡಿಯಾಗಿ ಇಟ್ಟುಕೊಂಡು ಬೇಕಾದಾಗ ಹುರಿದು ಕುಟ್ಟಿಕೊಳ್ಳಬೇಕು. ಸ್ವಲ್ಪ ಬೆಲ್ಲ ಉಪ್ಪಿನ ಕಟುತ್ವವನ್ನು ಇಳಿಸಿ, ಬಿಸಿ ಹೊಗೆಯಲ್ಲಿ ಮೇಲ್ಮೈಗೆ ಕೆಂಪು ತರುತ್ತದೆ, ಹೆಚ್ಚಾದರೆ ಸೀಯುತ್ತದೆ.

ಹುಳಿಯ ವಿಷಯದಲ್ಲಿ ಪ್ರದೇಶಗಳು ಬೇರೆಯಾಗುತ್ತವೆ. ಕೊಡಗಿನವರದು ಕಾಚಂಪುಳಿ, ಅಂದರೆ ಪಣಪುಳಿ ಹಣ್ಣಿನ ರಸವನ್ನು ಕಾಯಿಸಿ ಬತ್ತಿಸಿದ ಕಪ್ಪು ದ್ರವ. ಕೆಲವು ಹನಿಗಳೇ ಸಾಕಾಗುವಷ್ಟು ಅದು ತೀಕ್ಷ್ಣ. ಸೀಸೆಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಗೋವೆಯ ಚೊರೀಸ್ ಎಂಬ ಹಂದಿಮಾಂಸದ ಸಾಸೇಜಿಗೆ ವಿನೆಗರ್ ಆಧಾರ. ಆಳಂದದ ಕಡೆ ಸುಲಭವಾಗಿ ದೊರೆಯುವುದು ಹುಣಸೆ ಮತ್ತು ನಿಂಬೆ. ಆದರೆ ಹುಣಸೆಯ ರಸವನ್ನು ಮಾಂಸಕ್ಕೆ ಮೊದಲೇ ಹಚ್ಚುವುದಕ್ಕಿಂತ ಅಡುಗೆಯಲ್ಲಿ ಹಾಕುವುದೇ ವಾಡಿಕೆ.

ಕಟ್ಟಿಗೆ ಮತ್ತು ಇದ್ದಿಲು

ತೊಗರಿ ಕಟಾವಾದ ಮೇಲೆ ಉಳಿಯುವ ಕಡ್ಡಿ ಕಲಬುರಗಿ ಸೀಮೆಯ ಒಲೆಗಳಿಗೆ ಉರುವಲು. ಅದು ಬೇಗ ಹೊತ್ತಿಕೊಂಡು ಬೇಗ ಮುಗಿಯುತ್ತದೆ. ಬೆಂಕಿ ಎಬ್ಬಿಸಲು ಉತ್ತಮ, ಮೂರು ನಾಲ್ಕು ಗಂಟೆ ನಿಲ್ಲುವ ಹೊಗೆಗೆ ಸಾಲದು. ಅದಕ್ಕೆ ಗಟ್ಟಿ ಕಟ್ಟಿಗೆ ಬೇಕು. ಮಾವು, ಪೇರಲ (ಸೀಬೆ), ಹಲಸಿನ ಒಣ ತುಂಡುಗಳು ಮೃದುವಾದ ಹೊಗೆ ಕೊಡುತ್ತವೆ. ಕರಿಜಾಲಿ ಮತ್ತು ಹುಣಸೆ ಗಟ್ಟಿ ಕೆಂಡಕ್ಕೆ ಹೆಸರಾದವು.

ಊರ ಹೊರಗೆಲ್ಲ ಹಬ್ಬಿರುವ ಬಳ್ಳಾರಿ ಜಾಲಿಯ ಬಗ್ಗೆ ಎರಡು ಮಾತು. ಅಮೆರಿಕದ ಟೆಕ್ಸಸ್ ಪ್ರಾಂತದವರು ಮಾಂಸಕ್ಕೆ ಹೊಗೆ ಕೊಡಲು ಮೆಚ್ಚುವ ಮೆಸ್ಕೀಟ್ ಮರ ಇದರ ಹತ್ತಿರದ ಬಂಧು. ಎರಡೂ ಪ್ರೊಸೋಪಿಸ್ ಕುಲದವು. ಹೊಲ, ಹಳ್ಳಗಳನ್ನು ನುಂಗುವ ಕಳೆಯೆಂದು ನಾವು ಶಪಿಸುವ ಗಿಡಕ್ಕೆ ಹೀಗೊಂದು ಉಪಯೋಗವಿದೆ ಎಂಬುದು ಕುತೂಹಲದ ಸಂಗತಿ. ಇದರ ಹಸಿ ಕಟ್ಟಿಗೆಯ ಹೊಗೆ ತೀರ ಕಟು. ಪೂರ್ಣವಾಗಿ ಒಣಗಿಸಿ, ಅಥವಾ ಇದ್ದಿಲು ಮಾಡಿ, ಅದರ ಕೆಂಡದ ಮೇಲೆ ಮಾವಿನ ತುಂಡು ಹಾಕಿದರೆ ಎರಡರ ಗುಣವೂ ದೊರೆಯುತ್ತದೆ.

ಬಳಸಬಾರದ ಕಟ್ಟಿಗೆಗಳನ್ನು ತಿಳಿದಿರುವುದು ಬಳಸಬೇಕಾದವುಗಳನ್ನು ತಿಳಿದಿರುವುದಕ್ಕಿಂತ ಮುಖ್ಯ. ಕಣಗಿಲೆ ವಿಷ, ಅದರ ಕಡ್ಡಿಯನ್ನು ಮಾಂಸ ಪೋಣಿಸಲೂ ಉಪಯೋಗಿಸಬಾರದು. ಹಾಲು ಸೋರುವ ಎಕ್ಕ, ಕಳ್ಳಿಗಳು, ಗೇರು ಮರ ಸಲ್ಲವು. ಬೇವಿನ ಹೊಗೆ ಕಹಿ. ನೀಲಗಿರಿಯ ಎಣ್ಣೆ ಮತ್ತು ಪೈನ್ ಜಾತಿಯ ಅಂಟು ಮಾಂಸಕ್ಕೆ ಔಷಧಿಯ ವಾಸನೆ ಹತ್ತಿಸುತ್ತವೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹಳೆಯ ಬಾಗಿಲು ಚೌಕಟ್ಟಿನ ಚೂರು, ಸಾಮಾನು ಬಂದ ಪೆಟ್ಟಿಗೆಯ ಪಟ್ಟಿಗಳಲ್ಲಿ ಅಂಟು, ಬಣ್ಣ, ಗೆದ್ದಲು ಔಷಧಿ ಇರುತ್ತವೆ. ಬಡಗಿಯ ಅಂಗಡಿಯ ಹೊಟ್ಟಿನಲ್ಲಿಯೂ ಇವೇ ಬೆರೆತಿರುತ್ತವೆ. ಕುಳ್ಳಿನ ಹೊಗೆಯನ್ನು ಮಾಂಸಕ್ಕೆ ನೇರವಾಗಿ ಕೊಡುವುದು ತರವಲ್ಲ.

ಕಟ್ಟಿಗೆ ಕಡಿದು ಕನಿಷ್ಠ ಆರು ತಿಂಗಳು ಒಣಗಿರಬೇಕು; ಎರಡು ತುಂಡುಗಳನ್ನು ತಾಗಿಸಿದರೆ ಟಣ್ ಎಂದು ಸದ್ದಾಗುವುದು ಅದರ ಗುರುತು. ಕಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕಿದರೆ ಹೊಗೆ ಚೆನ್ನಾಗಿ ಬರುತ್ತದೆಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ; ಮೊದಲು ಬರುವುದು ಆವಿ ಮಾತ್ರ. ತೆಳುವಾದ, ನೀಲಿ ಛಾಯೆಯ ಹೊಗೆ ಒಳ್ಳೆಯದು. ದಟ್ಟ ಬಿಳಿ ಅಥವಾ ಹಳದಿ ಹೊಗೆ ಬಂದರೆ ಬೆಂಕಿಗೆ ಗಾಳಿ ಸಾಲದೆಂದು ಅರ್ಥ.

ಪಾತ್ರೆ ಮತ್ತು ಸಾಧನ

ದೊಡ್ಡ ಖರ್ಚಿನ ಅಗತ್ಯವಿಲ್ಲ. ಸಿಗಡಿಯ ಮೇಲೆ ಬುಡವಿಲ್ಲದ ದೊಡ್ಡ ಗಡಿಗೆ, ಅದರೊಳಗೆ ಕಬ್ಬಿಣದ ಜಾಳಿಗೆ, ಮೇಲೆ ಸಡಿಲವಾದ ಮುಚ್ಚಳ ಇಷ್ಟರಿಂದ ಬಿಸಿ ಹೊಗೆಯ ವ್ಯವಸ್ಥೆಯಾಗುತ್ತದೆ. ಸತು ಲೇಪಿಸಿದ ತಗಡಿನ ಡಬ್ಬಿ, ಬಕೆಟ್ಟುಗಳನ್ನು ಬಳಸಬಾರದು. ಕಾದಾಗ ಹಾನಿಕರ ಹೊಗೆ ಬಿಡುತ್ತವೆ. ರಾಸಾಯನಿಕ ತುಂಬಿದ್ದ ಡ್ರಮ್ಮುಗಳೂ ಬೇಡ. ಬಿಸಿಲಿಗೆ ಒಣಹಾಕುವವರಿಗೆ ಹಗ್ಗ, ಕೊಕ್ಕೆ ಮತ್ತು ನೊಣ ಕೂರದಂತೆ ಮುಚ್ಚಲು ತೆಳು ಮಲ್‌ಬಟ್ಟೆ ಬೇಕು. ತಾಪಮಾಪಕಕ್ಕೆ ಹಣ ಖರ್ಚುಮಾಡುವುದು ವ್ಯರ್ಥವಲ್ಲ: ಒಳಗಿನ ಶಾಖ ಕೋಳಿಗೆ 74 ಡಿಗ್ರಿ, ಕೊಚ್ಚಿದ ಮಾಂಸಕ್ಕೆ 71 ಡಿಗ್ರಿ, ಕುರಿ ಮತ್ತು ಹಂದಿಯ ಇಡಿ ತುಂಡುಗಳಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಲ್ಲಬೇಕು. ಇದನ್ನು ಕಣ್ಣಳತೆಯಿಂದ ಹೇಳಲಾಗದು. ಹೊಗೆ ಹಿಡಿದ ಮಾಂಸ ಬೇಯುವ ಮೊದಲೇ ಕೆಂಪಗೆ ಕಾಣುತ್ತದೆ.

ಕೆಂಡದ ಹೊಗೆ (ಧುಂಗಾರ್)

ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಸೀಮೆಯ ಅಡುಗೆಯಲ್ಲಿ ಹೊಗೆಯ ಇನ್ನೊಂದು ರೂಪವಿದೆ. ಬೆಂದ ಅಥವಾ ಮಸಾಲೆಯಲ್ಲಿ ನೆನೆದ ಮಾಂಸದ ನಡುವೆ ಚಿಕ್ಕ ಬಟ್ಟಲನ್ನೋ ಈರುಳ್ಳಿಯ ಪದರವನ್ನೋ ಇಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಹಾಕಿ, ಮೇಲೆ ತುಪ್ಪ ಬಿಟ್ಟು ಕೂಡಲೇ ಮುಚ್ಚುತ್ತಾರೆ. ಲವಂಗ ಹಾಕುವುದೂ ಉಂಟು. ಐದರಿಂದ ಹತ್ತು ನಿಮಿಷದಲ್ಲಿ ಪರಿಮಳ ಹಿಡಿಯುತ್ತದೆ. ಒಂದು ತುಂಡು ಇದ್ದಿಲು, ಒಂದು ಚಮಚ ತುಪ್ಪ ಇದ್ದರೆ ಆಯಿತು. ಹೊಸಬರು ಆರಂಭಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಇದು ಪರಿಮಳ ಮಾತ್ರ, ಸಂರಕ್ಷಣೆಯಲ್ಲ. ಧುಂಗಾರ್ ಕೊಟ್ಟ ಮಾಂಸವೂ ಸಾಧಾರಣ ಸಾರಿನಷ್ಟೇ ಬೇಗ ಕೆಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಸಿಗಡಿ ಹೊತ್ತಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಂಡು ಪ್ರಾಣ ಹೋಗುವುದುಂಟು. ಆದ್ದರಿಂದ ಬಯಲಿನಲ್ಲಿ ಅಥವಾ ಕಿಟಕಿ, ಬಾಗಿಲು ತೆರೆದಲ್ಲಿ ಮಾತ್ರ ಹೊತ್ತಿಸಬೇಕು.

ಮಾಂಸದ ಆಯ್ಕೆ ಮತ್ತು ಅಪಾಯಗಳು

ಕೊಬ್ಬು ಕಮಟಾಗುವುದರಿಂದ ಒಣಗಿಸಲು ಕೊಬ್ಬಿಲ್ಲದ ಭಾಗ ಬೇಕು. ಮೇಕೆ ಅಥವಾ ಕುರಿಯ ತೊಡೆಯ ಖಂಡ ಸೂಕ್ತ. ಹೊಗೆಗೆ ಸ್ವಲ್ಪ ಕೊಬ್ಬಿರುವ ಹಂದಿಮಾಂಸ ಒಗ್ಗುತ್ತದೆ. ಹಂದಿಯಲ್ಲಿ ಲಾಡಿಹುಳುವಿನ ಮರಿಕೋಶಗಳು ಇರಬಹುದು. ಅವನ್ನು ಹೊಗೆ ಕೊಲ್ಲುವುದಿಲ್ಲ, ಪೂರ್ಣ ಬೇಯಿಸುವುದು ಕೊಲ್ಲುತ್ತದೆ. 42 ಡಿಗ್ರಿಯ ಬಿಸಿಲೂ ರೋಗಾಣುಗಳನ್ನು ಕೊಲ್ಲುವಷ್ಟು ಬಿಸಿಯಲ್ಲ, ಮಾಂಸವನ್ನು ಒಣಗಿಸಿ ಅವು ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಈ ಕಾರಣಕ್ಕೆ ಒಣಗಿಸುವ ಪಟ್ಟಿಗಳನ್ನು ಮೊದಲೇ 71 ಡಿಗ್ರಿಯವರೆಗೆ ಬಿಸಿಮಾಡುವಂತೆ ಅಮೆರಿಕದ ಕೃಷಿ ಇಲಾಖೆ ಸಲಹೆ ಕೊಡುತ್ತದೆ. ರೋಗದಿಂದ ಸತ್ತ ಕುರಿ, ಮೇಕೆ, ದನಗಳ ಮಾಂಸವನ್ನು ಯಾವ ಕಾರಣಕ್ಕೂ ಮನೆಗೆ ತರಬಾರದು. ಆಂಥ್ರಾಕ್ಸ್ (ನೆರಡಿ ರೋಗ) ಬೀಜಕಣಗಳು ಉಪ್ಪು, ಬಿಸಿಲು, ಹೊಗೆ ಮೂರನ್ನೂ ತಾಳಿಕೊಂಡು ಉಳಿಯುತ್ತವೆ. ಅಂಥ ಮಾಂಸವನ್ನು ಕತ್ತರಿಸುವ ಕೈಗೂ ರೋಗ ತಗಲುತ್ತದೆ.

ಬಾಟ್ಯುಲಿಸಂ ತರುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಗಾಳಿಯಿಲ್ಲದ, ತೇವವಿರುವ, ಹುಳಿ ಕಡಿಮೆಯಿರುವ ಜಾಗದಲ್ಲಿ ಬೆಳೆಯುತ್ತದೆ. ಅರೆಬರೆ ಒಣಗಿದ ಮಾಂಸವನ್ನು ಎಣ್ಣೆಯಲ್ಲಿ ಮುಳುಗಿಸಿ ಭರಣಿಯಲ್ಲಿಡುವುದು, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಹೊರಗಿಡುವುದು ಎರಡೂ ಅದಕ್ಕೆ ಆಸರೆ. ವಿಷ ಉಂಟಾದರೂ ವಾಸನೆ, ರುಚಿ ಬದಲಾಗಬೇಕೆಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ, ಉಪ್ಪು ಮತ್ತು ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಸಾಬೀತಾದ ವಸ್ತುಗಳ ಗುಂಪಿಗೆ ಸೇರಿಸಿತು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಎದ್ದ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ಹಾನಿಕರ ವಸ್ತುಗಳಿರುತ್ತವೆ. ಆದ್ದರಿಂದ ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ ಇರುವುದು ಲೇಸು. ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಇದರ ಉಪ್ಪೇ ಭಾರ. ಇದು ಹಬ್ಬಕ್ಕೊಮ್ಮೆ ತಿನ್ನುವ ಪದಾರ್ಥ, ನಿತ್ಯದ ಊಟವಲ್ಲ.

ಕಾನೂನಿನ ಎಲ್ಲೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ, ಹಿಂದೆ ಕೊಡಗು ಮತ್ತು ಮಲೆನಾಡಿನ ಅಟ್ಟಗಳಲ್ಲಿ ತೂಗುತ್ತಿದ್ದ ಬೇಟೆಯ ಮಾಂಸ ನಿಷಿದ್ಧವಾಯಿತು; ಈಗ ಸಾಕಿದ ಹಂದಿಯೇ ಆಧಾರ. ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020ರ ಪ್ರಕಾರ ಹಸು, ಕರು, ಹೋರಿ, ಎತ್ತುಗಳ ಮತ್ತು 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆ ಅಪರಾಧ. ಚಾನ್ಯಾ ಮಾಡುತ್ತಿದ್ದ ಮನೆಗಳು ಕುರಿ, ಮೇಕೆಗಳತ್ತ ಹೊರಳಬೇಕಾಗಿರುವುದಕ್ಕೆ ಇದೂ ಒಂದು ಕಾರಣ. ಅವುಗಳ ಬೆಲೆಯಿಂದಾಗಿ ಒಂದು ಕಾಲದ ಬಡವರ ದಾಸ್ತಾನು ಈಗ ಬಡವರಿಗೇ ದುಬಾರಿ.

ಶೇಖರಣೆ ಮತ್ತು ಬಳಕೆ

ಪೂರ್ಣ ಒಣಗಿದ ಮಾಂಸದ ತೂಕ ಹಸಿಯಿದ್ದಾಗಿನ ತೂಕದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಒಣಹಾಕುವ ಮೊದಲೊಮ್ಮೆ, ಇಳಿಸಿದ ಮೇಲೊಮ್ಮೆ ತೂಗಿದರೆ ಕೆಲಸ ಆಗಿದೆಯೇ ಎಂದು ನಿಶ್ಚಯವಾಗಿ ತಿಳಿಯುತ್ತದೆ. ಬಗ್ಗಿಸಿದರೆ ಬಿರುಕು ಬಿಡಬೇಕು. ರಬ್ಬರಿನಂತೆ ಬಾಗಿದರೆ ಇನ್ನೂ ತೇವವಿದೆ. ಹಿಂದೆ ಅಡಕಲ ಗಡಿಗೆಗಳಲ್ಲೋ ನೆಲುವಿನಲ್ಲೋ ಇಡುತ್ತಿದ್ದರು. ಈಗ ಗಾಜಿನ ಅಥವಾ ಉಕ್ಕಿನ ಬಿಗಿ ಡಬ್ಬಿ ಸಾಕು. ಆದರೆ ಪೂರ್ಣ ತಣ್ಣಗಾಗುವ ಮೊದಲು ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ, ಬಿಸಿಲಿಗೋ ಒಲೆಯ ಶಾಖಕ್ಕೋ ಹಿಡಿಯಬೇಕು. ಬೂಷ್ಟು ಕಂಡದ್ದನ್ನು ಒರೆಸಿ ತಿನ್ನದೆ ಎಸೆಯಬೇಕು. ಚರ್ಮ ತಿನ್ನುವ ಜೀರುಂಡೆಯ ರೋಮದ ಮರಿಗಳು ಬಿದ್ದ ಡಬ್ಬಿಯನ್ನು ಪೂರ್ತಿ ಬರಿದು ಮಾಡಿ ಬಿಸಿನೀರಿನಲ್ಲಿ ತೊಳೆಯಬೇಕು. ಬಿಸಿ ಹೊಗೆ ಕೊಟ್ಟ, ಆದರೆ ಒಣಗಿಸದ ಮಾಂಸ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಡಬ್ಬಿಯ ಮೇಲೆ ತಾರೀಖು ಬರೆದಿಡುವುದು ಒಳ್ಳೆಯ ಅಭ್ಯಾಸ.

ಅಡುಗೆಗೆ ಮೊದಲು ಒಣ ಖಂಡವನ್ನು ತೊಳೆದು ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿ, ನೀರು ಚೆಲ್ಲಿ, ಕುಟ್ಟಿ ಎಳೆ ಬಿಡಿಸುತ್ತಾರೆ. ಕೆಂಡದ ಮೇಲೆ ಸುಟ್ಟು, ಕುಟ್ಟಿ, ರೊಟ್ಟಿಗೆ ನಂಜಿಕೊಳ್ಳುವುದು ತೀರ ಸರಳ ಕ್ರಮ. ತೊಗರಿಬೇಳೆಯ ಜೊತೆ ಬೇಯಿಸುವುದು, ಪುಂಡಿಪಲ್ಯದಂಥ ಹುಳಿ ಸೊಪ್ಪಿಗೆ ಸೇರಿಸುವುದು ದಖ್ಖನಿನ ರೀತಿ. ಸೊಪ್ಪಿನ ಹುಳಿ ಉಳಿದ ಉಪ್ಪನ್ನು ಸರಿದೂಗಿಸುತ್ತದೆ. ಆದ್ದರಿಂದ ಈ ಸಾರಿಗೆ ಬೇರೆ ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕುವುದು. ಒಂದು ಹಿಡಿ ಒಣ ಖಂಡ ಒಂದು ಗಡಿಗೆ ಬೇಳೆಗೆ ಸಾಕಾಗುತ್ತದೆ.